ಪಿಕ್ ಅಪ್: ಎತ್ತಿಕೊಳ್ಳುವುದರಿಂದ ಚೇತರಿಸಿಕೊಳ್ಳುವವರೆಗೆ

‘ಪಿಕಪ್’ ಎಂಬ ಮಾತು ಗೊತ್ತಿಲ್ಲದ ಕನ್ನಡಿಗರು ಇವತ್ತು ಸಿಗುವುದು ಕಷ್ಟ. ಶಾಲೆಯ ವ್ಯಾನಿನವರು ‘ಪಿಕಪ್ ಏಳೂವರೆಗೆ’ ಅನ್ನುತ್ತಾರೆ. ರಾತ್ರಿ ಬಸ್ಸಿಗೆ ಟಿಕೆಟ್ ಬುಕ್ ಮಾಡುವಾಗ ಪಿಕಪ್ ಪಾಯಿಂಟ್ ಆರಿಸಿಕೊಳ್ಳಬೇಕು. ಮಾರುಕಟ್ಟೆಗೆ ಟೊಮೆಟೊ ಕ್ರೇಟುಗಳನ್ನು ಹೊತ್ತು ಬರುವ ಗಾಡಿಯ ಹೆಸರೇ ಪಿಕಪ್. ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರು ಒಂದು ಸುತ್ತು ಓಡಿಸಿ ಬಂದು ‘ಪಿಕಪ್ ಪರವಾಗಿಲ್ಲ’ ಅನ್ನುತ್ತಾರೆ. ಇಷ್ಟೆಲ್ಲ ಬಳಕೆಯಲ್ಲಿದ್ದರೂ ಇಂಗ್ಲಿಷಿನಲ್ಲೇ ಮಾತಾಡಬೇಕಾದಾಗ, ಮೇಲ್ ಬರೆಯಬೇಕಾದಾಗ ಇದೇ ಜೋಡಿಪದ ಕೈಕೊಡುತ್ತದೆ. ‘ಐ ವಿಲ್ ಪಿಕ್ ಯೂ ಅಟ್ ಸಿಕ್ಸ್’ ಎಂದು ಬರೆದು ಕಳಿಸುತ್ತೇವೆ. ‘ಹೀ ಈಸ್ ನಾಟ್ ಪಿಕಿಂಗ್’ ಅನ್ನುತ್ತೇವೆ. ಪತ್ರಿಕೆಯಲ್ಲಿ ‘ಸೇಲ್ಸ್ ಆರ್ ಪಿಕಿಂಗ್ ಅಪ್’ ಎಂದು ಓದಿದರೆ ಯಾರು ಏನನ್ನು ಎತ್ತುತ್ತಿದ್ದಾರೆ ಎಂದು ಅರೆಗಳಿಗೆ ತಡವರಿಸುತ್ತೇವೆ.

ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಸಾವಿರಾರು ಇವೆ. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಆನ್ ಥರದ ಇನ್ನೂ ಸಣ್ಣ ಪದ. ಎರಡೂ ಸೇರಿದ ಮೇಲೆ ಅರ್ಥ ಎತ್ತಲೋ ಹೋಗಿಬಿಡುತ್ತದೆ. 1755ರಲ್ಲಿ ಲಂಡನ್ನಿನಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಪೀಠಿಕೆಯಲ್ಲಿ, ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಇದೇ ಎಂದು ಗುರುತಿಸಿದ್ದ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಲ್ಲಿ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಅದು ಎಂದು ಸ್ಮಿತ್ ಅಲ್ಲಿ ಹೇಳಿದ್ದಾರೆ. ಅದೇ 1925ರಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಸಾಮಾನು ಹಾಕುವ ತೊಟ್ಟಿ ಕೂರಿಸಿ, ಪಿಕಪ್ ಬಾಡಿಯ ಗಾಡಿ ಎಂದು ಮಾರಾಟಕ್ಕೆ ಬಿಟ್ಟಿತು. ವ್ಯಾಕರಣದ ಹೆಸರೂ ಗಾಡಿಯ ಹೆಸರೂ ಒಂದೇ ವರ್ಷದ್ದು ಎಂಬುದು ಕಾಕತಾಳೀಯವಾದರೂ ನೆನಪಿಟ್ಟುಕೊಳ್ಳಲು ಅನುಕೂಲ.

ನಿಘಂಟು ತೆರೆದರೆ ‘ಪಿಕ್ ಅಪ್’ ಎಂಬುದರ ಎದುರು ಅರ್ಥಗಳು ಉದ್ದಕ್ಕೆ ಇಳಿಯುತ್ತವೆ. ಅವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪಟ್ಟಿ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಕನ್ನಡ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಅದು ನಮ್ಮ ಭಾಷೆಯಲ್ಲೇ ಇದೆ.

ಮೂಟೆ ‘ಎತ್ತು’ ಅನ್ನುವುದಕ್ಕೂ ಮಗುವನ್ನು ‘ಎತ್ತಿಕೊ’ ಅನ್ನುವುದಕ್ಕೂ ಇರುವ ವ್ಯತ್ಯಾಸ ನೋಡಿ. ಮೂಟೆ ನೆಲ ಬಿಟ್ಟು ಮೇಲಕ್ಕೆ ಬಂದರೆ ಎತ್ತುವ ಕೆಲಸ ಮುಗಿಯಿತು. ಎತ್ತಿಕೊ ಅಂದಾಗ ಮಗು ನಿಮ್ಮ ಕಂಕುಳಿಗೆ ಬರಬೇಕು. ಮೊದಲನೆಯದು ಇಂಗ್ಲಿಷಿನ ‘ಲಿಫ್ಟ್’, ಎರಡನೆಯದು ‘ಪಿಕ್ ಅಪ್’. ಆ ‘ಕೊಳ್ಳು’ ಸೇರಿದ ಕೂಡಲೆ ಕೆಲಸದ ಫಲ ಮಾಡುವವನ ಕಡೆಗೆ ತಿರುಗುತ್ತದೆ. ‘ಪಿಕ್’ ಎಂಬುದಕ್ಕೆ ‘ಅಪ್’ ಸೇರಿದಾಗ ಹೆಚ್ಚುಕಡಿಮೆ ಇದೇ ಆಗುವುದು: ಎಲ್ಲೋ ಇದ್ದದ್ದು ನಿಮ್ಮ ಕೈಗೆ, ನಿಮ್ಮ ಗಾಡಿಗೆ, ನಿಮ್ಮ ತಲೆಗೆ, ನಿಮ್ಮ ಮೈಗೆ ಬರುತ್ತದೆ. ಅದಕ್ಕೇ ಈ ಜೋಡಿಪದದ ಬೇರೆಬೇರೆ ಅರ್ಥಗಳನ್ನು ಕನ್ನಡದಲ್ಲಿ ಹೇಳಲು ಹೊರಟರೆ ಕೊನೆಯಲ್ಲಿ ‘ಕೊಳ್ಳು’ ತಾನಾಗಿ ಬಂದು ಕೂರುತ್ತದೆ. ಎತ್ತಿಕೊಳ್ಳು, ಹತ್ತಿಸಿಕೊಳ್ಳು, ಕಲಿತುಕೊಳ್ಳು, ಅಂಟಿಸಿಕೊಳ್ಳು, ವಹಿಸಿಕೊಳ್ಳು, ಚೇತರಿಸಿಕೊಳ್ಳು. ಹಾಗೆಂದು ‘ಕೊಳ್ಳು’ ಇರುವಲ್ಲೆಲ್ಲ ‘ಪಿಕ್ ಅಪ್’ ಹಾಕಬಾರದು. ಅಡುಗೆ ಮಾಡಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಈ ಸುಳಿವು ಕೆಲಸಕ್ಕೆ ಬರುತ್ತದೆ ಅಷ್ಟೆ. ಅಷ್ಟು ಸಾಕು.

ಮೊದಲು ‘ಪಿಕ್’ ಒಂದೇ ಇದ್ದರೆ ಏನು, ‘ಅಪ್’ ಸೇರಿದರೆ ಏನು ಎಂಬುದು ಸ್ಪಷ್ಟವಾಗಬೇಕು. ಬೆಳಿಗ್ಗೆ ಪೂಜೆಗೆ ಹೂ ತರಲು ಹಿತ್ತಲಿಗೆ ಹೋಗುವವರನ್ನು ನೆನೆಯಿರಿ. ದಾಸವಾಳ, ಮಲ್ಲಿಗೆ ಗಿಡದಲ್ಲಿರುತ್ತವೆ. ತೊಟ್ಟಿನಿಂದ ಬಿಡಿಸಬೇಕು. ಅದು ‘ಪಿಕ್’. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಮರದಡಿ ಚೆಲ್ಲಿರುತ್ತದೆ. ಬಗ್ಗಿ, ಬಿಳಿ ಎಸಳು ಮಣ್ಣಾಗದ ಹಾಗೆ, ಕೇಸರಿ ತೊಟ್ಟು ಹಿಡಿದು ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕಬೇಕು. ಅದು ‘ಪಿಕ್ ಅಪ್’. ‘ಶೀ ಪಿಕ್ಟ್ ದ ಜಾಸ್ಮಿನ್’ ಅಂದರೆ ಬಿಡಿಸಿದಳು. ‘ಶೀ ಪಿಕ್ಟ್ ಅಪ್ ದ ಪಾರಿಜಾತ’ ಅಂದರೆ ನೆಲದಿಂದ ಹೆಕ್ಕಿದಳು. ಕಾಫಿ ತೋಟದಲ್ಲೂ ಹೀಗೇ. ಗಿಡದಿಂದ ಹಣ್ಣು ಕುಯ್ಯುವುದು ‘ಪಿಕಿಂಗ್’, ಬುಡದಲ್ಲಿ ಉದುರಿದ ಹಣ್ಣನ್ನು ಹೆಕ್ಕುವುದು ‘ಪಿಕಿಂಗ್ ಅಪ್’. ಇದರ ಜೊತೆಗೆ ‘ಪಿಕ್’ ಎಂಬುದಕ್ಕೆ ಹಲವರಲ್ಲಿ ಒಬ್ಬರನ್ನು ಆರಿಸು ಎಂಬ ಅರ್ಥವೂ ಇದೆ. ತಂಡಕ್ಕೆ ಆಟಗಾರರನ್ನು ‘ಪಿಕ್’ ಮಾಡುತ್ತಾರೆ. ನಾವು ಬರೆಯುವ ‘ಐ ವಿಲ್ ಪಿಕ್ ಯೂ ಅಟ್ ಸಿಕ್ಸ್’ ಎಂಬ ವಾಕ್ಯದ ತೊಂದರೆ ಇಲ್ಲಿದೆ. ಓದುವ ಇಂಗ್ಲಿಷ್ ಮನುಷ್ಯನಿಗೆ ‘ಆರು ಗಂಟೆಗೆ ನಿಮ್ಮನ್ನು ಆಯ್ಕೆ ಮಾಡುತ್ತೇನೆ’ ಎಂದು ಕೇಳಿಸುತ್ತದೆ. ಆ ಪುಟ್ಟ ‘ಅಪ್’ ಬಿಟ್ಟರೆ ಗಾಡಿಯೇ ಮಾಯವಾಗುತ್ತದೆ.

ಗಾಡಿಯ ಅರ್ಥದಲ್ಲಿ ಇದನ್ನು ಬಳಸುವಷ್ಟು ನಾವು ಬೇರೆ ಯಾವ ಅರ್ಥದಲ್ಲೂ ಬಳಸುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಬ್ಬರು ಕಾಯುತ್ತಿರುವ ಜಾಗಕ್ಕೆ ಹೋಗಿ, ಅವರನ್ನು ಗಾಡಿಗೆ ಹತ್ತಿಸಿಕೊಂಡು ಬರುವುದು ‘ಪಿಕ್ ಅಪ್’. ‘ಐ ವಿಲ್ ಪಿಕ್ ಯೂ ಅಪ್ ಅಟ್ ಸಿಕ್ಸ್’ ಸರಿ. ‘ಕುಡ್ ಯೂ ಪಿಕ್ ಮೀ ಅಪ್ ಫ್ರಮ್ ದ ಏರ್‌ಪೋರ್ಟ್?’ ಸರಿ. ‘ಫ್ರಮ್ ದ ಏರ್‌ಪೋರ್ಟ್’ ಅನ್ನಬಹುದು, ‘ಅಟ್ ದ ಏರ್‌ಪೋರ್ಟ್’ ಅಂತಲೂ ಅನ್ನಬಹುದು. ಇಲ್ಲಿ ‘ಮೀ’, ‘ಯೂ’ ಎಲ್ಲಿ ಕೂತಿವೆ ನೋಡಿ: ‘ಪಿಕ್’ ಮತ್ತು ‘ಅಪ್’ ನಡುವೆ. ಇದು ಈ ಜೋಡಿಪದದ ಅತಿ ಮುಖ್ಯ ನಿಯಮ. ಹೆಸರಿನ ಬದಲು ಬರುವ ಸಣ್ಣ ಸರ್ವನಾಮಗಳು, ಅಂದರೆ ಮೀ, ಯೂ, ಹಿಮ್, ಹರ್, ಇಟ್, ಅಸ್, ದೆಮ್ ಇವು, ನಡುವೆಯೇ ಕೂರಬೇಕು. ‘ಪಿಕ್ ಅಪ್ ಮೀ’, ‘ಪಿಕ್ ಅಪ್ ಇಟ್’ ಎಂಬುದನ್ನು ಇಂಗ್ಲಿಷ್ ಒಪ್ಪುವುದೇ ಇಲ್ಲ. ಹೆಸರು ಇದ್ದಾಗ ಮಾತ್ರ ಎರಡೂ ದಾರಿ ತೆರೆದಿದೆ. ‘ಪಿಕ್ ಅಪ್ ದ ಕಿಡ್ಸ್’ ಅನ್ನಿ, ‘ಪಿಕ್ ದ ಕಿಡ್ಸ್ ಅಪ್’ ಅನ್ನಿ, ಎರಡೂ ಸರಿ. ಹೆಸರು ಉದ್ದವಾದರೆ, ಉದಾಹರಣೆಗೆ ‘ಕೌಂಟರಿನಲ್ಲಿ ನಾನು ಬಿಟ್ಟುಬಂದ ಔಷಧಿ ಪೊಟ್ಟಣ’ ಎಂಬಷ್ಟು ಉದ್ದವಾದರೆ, ‘ಅಪ್’ ಅನ್ನು ಅಷ್ಟು ದೂರ ಕಾಯಿಸಬಾರದು. ‘ಪಿಕ್ ಅಪ್’ ಒಟ್ಟಿಗೆ ಹೇಳಿ ಮುಗಿಸಿ ಆಮೇಲೆ ಪೊಟ್ಟಣದ ವಿವರಕ್ಕೆ ಹೋಗಬೇಕು.

ಈ ನಿಯಮ ನಾಲಿಗೆಗೆ ಹತ್ತಬೇಕಾದರೆ ಬರೆದು ಕಲಿಯುವುದಕ್ಕಿಂತ ಹೇಳಿ ಕಲಿಯುವುದು ಒಳ್ಳೆಯದು. ಮನೆಯಲ್ಲಿ ಬಿದ್ದ ಪೆನ್ನು, ಟವೆಲ್ಲು, ಚಮಚ ಕಂಡಾಗಲೆಲ್ಲ ಮಕ್ಕಳಿಗೆ ‘ಪಿಕ್ ಇಟ್ ಅಪ್’ ಅನ್ನಿ. ಮೂರು ಪದ ಸೇರಿ ‘ಪಿಕಿಟಪ್’ ಎಂದು ಒಂದೇ ಪದದ ಹಾಗೆ ಕೇಳಬೇಕು. ವ್ಯಂಜನದ ಮುಂದೆ ಸ್ವರ ಬಂದರೆ ಎರಡನ್ನೂ ಕೂಡಿಸಿ ಹೇಳುವುದು ಸಂಧಿ ಗೊತ್ತಿರುವ ನಮಗೆ ಹೊಸದೇನಲ್ಲ. ಪಿಕ್, ಅಪ್ ಎರಡನ್ನೂ ಸೇರಿಸಿ ‘ಪಿಕಪ್’ ಮಾಡಿಕೊಂಡದ್ದೂ ಅದೇ ಅಭ್ಯಾಸದಿಂದ.

‘ಡ್ರಾಪ್’ ಬಗ್ಗೆ ಒಂದು ಮಾತು. ನಮ್ಮ ಕಡೆ ‘ಪಿಕಪ್ ಅಂಡ್ ಡ್ರಾಪ್’ ಅನ್ನುತ್ತೇವೆ. ಭಾರತದ ಎಲ್ಲ ಊರುಗಳಲ್ಲೂ ಅರ್ಥವಾಗುತ್ತದೆ, ಇಲ್ಲಿ ಅದನ್ನು ಬಿಡಬೇಕಾದ ಅಗತ್ಯವೇನೂ ಇಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದಕ್ಕೂ ಬಾಲ ಇದೆ: ‘ಪಿಕಪ್ ಅಂಡ್ ಡ್ರಾಪ್ ಆಫ್’. ‘ಐ ವಿಲ್ ಡ್ರಾಪ್ ಯೂ ಆಫ್ ಅಟ್ ದ ಸ್ಟೇಷನ್’ ಎಂದರೆ ಅಲ್ಲಿಯವರ ಕಿವಿಗೆ ಹಿತ. ‘ಡ್ರಾಪ್ ಮೀ ಹೋಮ್’ ಅಂದರೂ ಅವರಿಗೆ ತಿಳಿಯುತ್ತದೆ.

ಸಾಮಾನು, ದಾಖಲೆಗಳ ವಿಷಯದಲ್ಲೂ ಇದೇ ಅರ್ಥ. ಲಾಂಡ್ರಿಯಿಂದ ಬಟ್ಟೆ, ಟೈಲರ್ ಹತ್ತಿರ ಹೊಲಿಸಲು ಕೊಟ್ಟ ರವಿಕೆ, ಕೊರಿಯರ್ ಆಫೀಸಿನಲ್ಲಿ ಬಂದು ಕೂತ ಪಾರ್ಸೆಲ್, ಎಲ್ಲವನ್ನೂ ‘ಪಿಕ್ ಅಪ್’ ಮಾಡಬಹುದು. ಬರುವಾಗ ದಾರಿಯಲ್ಲಿ ಹಾಲು ತೆಗೆದುಕೊಂಡು ಬನ್ನಿ ಎಂಬ ದಿನನಿತ್ಯದ ಮಾತಿಗೆ ‘ಪಿಕ್ ಅಪ್ ಸಮ್ ಮಿಲ್ಕ್ ಆನ್ ದ ವೇ ಹೋಮ್’ ಎಂಬುದಕ್ಕಿಂತ ಸಹಜವಾದ ಇಂಗ್ಲಿಷ್ ಇಲ್ಲ. ಹಾಗೇ ಹೋಗುತ್ತಾ ಏನೋ ಕೊಂಡುಕೊಂಡೆ, ಕಡಿಮೆ ಬೆಲೆಗೆ ಸಿಕ್ಕಿತು ಎಂಬ ಧ್ವನಿಯೂ ಇದರಲ್ಲಿದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ‘ಪಿಕ್ ಅಪ್’ ಮಾಡಬಹುದು. ನಿವೇಶನವನ್ನೋ ಮದುವೆಯ ಒಡವೆಯನ್ನೋ ಹಾಗೆ ಹೇಳಿದರೆ ಮಾತು ಹಗುರವಾಗುತ್ತದೆ. ಅಧಿಕೃತ ಪತ್ರದಲ್ಲಿ, ಅದರಲ್ಲೂ ಬ್ರಿಟಿಷ್ ರೂಢಿಯಲ್ಲಿ, ಪ್ರಮಾಣಪತ್ರ ಪಡೆದುಕೊಳ್ಳುವುದಕ್ಕೆ ‘ಕಲೆಕ್ಟ್’ ಬಳಸುವುದು ಮೇಲು.

ಫೋನಿನ ಬಳಕೆಯಲ್ಲಿ ನಮ್ಮ ಭಾಷೆಯೂ ಅವರ ಭಾಷೆಯೂ ಒಂದೇ ಚಿತ್ರವನ್ನು ಹಿಡಿದಿವೆ. ಕಪ್ಪು ರಿಸೀವರನ್ನು ನಿಜವಾಗಿ ಎತ್ತುತ್ತಿದ್ದ ಕಾಲದಿಂದ ಅವರು ‘ಪಿಕ್ ಅಪ್’ ಅನ್ನುತ್ತಾರೆ, ನಾವು ‘ಫೋನ್ ಎತ್ತಲಿಲ್ಲ’ ಅನ್ನುತ್ತೇವೆ. ಈಗ ಗಾಜಿನ ಮೇಲೆ ಬೆರಳು ಜಾರಿಸಿದರೂ ಮಾತು ಬದಲಾಗಿಲ್ಲ. ಆದರೆ ‘ಹೀ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ಎಂಬುದು ಭಾರತದಲ್ಲಿ ಸಲ್ಲುವ ರೂಪ. ಹೊರಗಿನವರ ಜೊತೆ ಮಾತಾಡುವಾಗ ‘ಹೀ ಈಸ್ ನಾಟ್ ಪಿಕಿಂಗ್ ಅಪ್’ ಅನ್ನಿ. ಮುಂದೆ ಏನನ್ನೂ ಸೇರಿಸಬೇಕಾಗಿಲ್ಲ. ಫೋನಿನ ವಿಷಯ ಎಂಬುದು ಅದರಲ್ಲೇ ಅಡಗಿದೆ. ‘ಕಾಲ್’ ಎಂಬ ಪದ ಬೇಕೇಬೇಕು ಅಂದರೆ ‘ಆನ್ಸರಿಂಗ್ ಮೈ ಕಾಲ್’ ಅನ್ನಬಹುದು. ಇನ್ನೊಂದು ಸೂಕ್ಷ್ಮ: ‘ಪಿಕ್ ಅಪ್ ದ ಫೋನ್’ ಅಂದರೆ ಬಂದ ಕರೆ ತೆಗೆದುಕೊಳ್ಳುವುದೂ ಆಗಬಹುದು, ನೀವಾಗಿ ಕರೆ ಮಾಡುವುದೂ ಆಗಬಹುದು. ‘ಸಹಾಯ ಬೇಕಾದರೆ ಜಸ್ಟ್ ಪಿಕ್ ಅಪ್ ದ ಫೋನ್’ ಎಂದು ಯಾರಾದರೂ ಅಂದರೆ ನಿಮ್ಮ ಕರೆಗೆ ಅವರು ಕಾಯುತ್ತಿರುತ್ತಾರೆ.

ಇನ್ನು ಕಲಿಯುವುದಕ್ಕೆ ಬರೋಣ. ಈ ಅರ್ಥ ನನಗೆ ಬಹಳ ಇಷ್ಟ. ಪಾಠ ಹೇಳಿಸಿಕೊಳ್ಳದೆ, ಫೀಸು ಕಟ್ಟದೆ, ನಾಲ್ಕು ಜನರ ನಡುವೆ ಇದ್ದು ಕೇಳಿ ನೋಡಿ ಕಲಿತುಕೊಳ್ಳುವುದು ‘ಪಿಕ್ ಅಪ್’. ಬಿಹಾರದಿಂದ ಬೆಂಗಳೂರಿಗೆ ಬಂದ ಹೋಟೆಲ್ ಹುಡುಗ ಆರೇ ತಿಂಗಳಲ್ಲಿ ‘ಏನ್ ಕೊಡ್ಲಿ ಅಣ್ಣ’ ಎಂದು ಕೇಳುವಂತಾದರೆ ‘ಹೀ ಹ್ಯಾಸ್ ಪಿಕ್ಟ್ ಅಪ್ ಕನ್ನಡ’. ದುಬೈಯಲ್ಲಿ ಕೆಲಸ ಮಾಡುವ ಮಂಗಳೂರಿನವರು ಅಂಗಡಿಯಲ್ಲಿ ಮಾತಾಡಲು ಬೇಕಾದಷ್ಟು ಅರಬ್ಬಿ ಕಲಿತರೆ ಅದೂ ಇದೇ. ತರಗತಿಯಲ್ಲಿ ಕೂತು, ಪರೀಕ್ಷೆ ಬರೆದು ಕಲಿತದ್ದಕ್ಕೆ ಈ ಮಾತು ಹೊಂದುವುದಿಲ್ಲ. ಡಿಗ್ರಿಯನ್ನು ‘ಪಿಕ್ ಅಪ್’ ಮಾಡಿಕೊಂಡೆ ಅಂದರೆ ಓದಿದ ಶ್ರಮವೆಲ್ಲ ತೇಲಿಹೋಗುತ್ತದೆ. ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ಇದು ನಿಜಕ್ಕೂ ಉಪಯೋಗದ ಮಾತು. ‘ಐ ಸ್ಟಡೀಡ್ ಜಾವಾ ಇನ್ ಕಾಲೇಜ್ ಅಂಡ್ ಪಿಕ್ಟ್ ಅಪ್ ಪೈಥಾನ್ ಆನ್ ಮೈ ಓನ್’ ಎಂಬ ಒಂದು ವಾಕ್ಯದಲ್ಲಿ ಕಾಲೇಜಿನ ಓದೂ ಬರುತ್ತದೆ, ತಾನಾಗಿ ಕಲಿಯಬಲ್ಲ ಹುಡುಗಿ ಎಂಬುದೂ ಬರುತ್ತದೆ. ಬಾಯಿಮಾತಿನಲ್ಲಿ ಇದು ಚೆನ್ನ. ಅರ್ಜಿಯ ಜೊತೆ ಕಳಿಸುವ ಬಯೋಡೇಟಾದಲ್ಲಿ ‘ಲರ್ನ್ಡ್’ ಸಾಕು.

ಕಲಿಕೆಯ ಹಾಗೆಯೇ ಗೊತ್ತಿಲ್ಲದೆ ನಮ್ಮದಾಗುವ ಇತರ ಸಂಗತಿಗಳೂ ಇದರಡಿ ಬರುತ್ತವೆ. ಮಕ್ಕಳು ಶಾಲೆಯಿಂದ ನೆಗಡಿ ಅಂಟಿಸಿಕೊಂಡು ಬರುತ್ತಾರೆ: ‘ಪಿಕ್ಟ್ ಅಪ್ ಎ ಕೋಲ್ಡ್’. ಸಹವಾಸದಿಂದ ಚಟ ಹತ್ತಿಸಿಕೊಳ್ಳುತ್ತಾರೆ: ‘ಪಿಕ್ಟ್ ಅಪ್ ಎ ಹ್ಯಾಬಿಟ್’. ಧಾರವಾಡದಲ್ಲಿ ಓದಿದ ಮೈಸೂರಿನ ಹುಡುಗಿಯ ಬಾಯಿಗೆ ‘ಹೌದಲ್ರೀ’ ಬಂದುಬಿಡುತ್ತದೆ: ‘ಪಿಕ್ಟ್ ಅಪ್ ದ ಆಕ್ಸೆಂಟ್’. ಸೋಂಕು, ಚಟ, ನುಡಿಯ ಧಾಟಿ ಮೂರೂ ಬೇರೆ. ಆದರೆ ಕನ್ನಡದಲ್ಲಿ ಹೇಳಿ ನೋಡಿ, ಮೂರನ್ನೂ ‘ಹತ್ತಿಸಿಕೊಂಡ’ ಎಂಬ ಒಂದೇ ಮಾತಿನಲ್ಲಿ ಹೇಳಬಹುದು.

ಯಂತ್ರಗಳೂ ‘ಪಿಕ್ ಅಪ್’ ಮಾಡುತ್ತವೆ. ರೇಡಿಯೊ ದೂರದ ಕೇಂದ್ರವನ್ನು ಹಿಡಿದುಕೊಳ್ಳುತ್ತದೆ, ಮೈಕು ಬೇಡದ ಫ್ಯಾನಿನ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಆನ್‌ಲೈನ್ ಮೀಟಿಂಗಿನಲ್ಲಿ ‘ಯುವರ್ ಮೈಕ್ ಈಸ್ ಪಿಕಿಂಗ್ ಅಪ್ ದ ಟ್ರಾಫಿಕ್’ ಎಂದು ಯಾರಾದರೂ ಅಂದರೆ ಕಿಟಕಿ ಮುಚ್ಚಿ ಎಂದು ಅರ್ಥ. ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾಡುವ ಭಾಗದ ಹೆಸರೂ ಪಿಕಪ್. ಕಛೇರಿಯಲ್ಲಿ ವೀಣೆಯ ಮೈಗೆ ಅಂಟಿಸುವ ಪುಟ್ಟ ಸಾಧನವನ್ನೂ ಹಾಗೇ ಕರೆಯುತ್ತಾರೆ. ಯಂತ್ರ ಸದ್ದು ಹಿಡಿದಂತೆ ಮನುಷ್ಯ ಸೂಕ್ಷ್ಮ ಹಿಡಿದರೆ ಅದಕ್ಕೆ ‘ಆನ್’ ಎಂಬ ಇನ್ನೊಂದು ಬಾಲ ಬೇಕು. ‘ಶೀ ಪಿಕ್ಟ್ ಅಪ್ ಆನ್ ಹಿಸ್ ಫಿಯರ್’: ಅವನು ಬಾಯಿಬಿಟ್ಟು ಹೇಳದಿದ್ದರೂ ಅವನ ಭಯ ಅವಳಿಗೆ ಗೊತ್ತಾಯಿತು. ಒಳ್ಳೆಯ ನರ್ಸುಗಳು, ಒಳ್ಳೆಯ ಮೇಷ್ಟ್ರುಗಳು ದಿನವಿಡೀ ಮಾಡುವ ಕೆಲಸ ಇದು.

ಇಲ್ಲಿಯವರೆಗೆ ನೋಡಿದ್ದೆಲ್ಲ ಒಂದು ಬಳಗ. ಯಾರೋ ಒಬ್ಬರು ಏನನ್ನೋ ತಮ್ಮದಾಗಿಸಿಕೊಳ್ಳುತ್ತಾರೆ. ಎರಡನೇ ಬಳಗದಲ್ಲಿ ಎತ್ತುವವರು ಯಾರೂ ಇಲ್ಲ. ಕೆಳಗಿದ್ದದ್ದು ತಾನಾಗಿ ಮೇಲೇಳುತ್ತದೆ. ನಮ್ಮನ್ನು ತಡವರಿಸುವಂತೆ ಮಾಡುವುದು ಈ ಬಳಗ. ‘ಸೇಲ್ಸ್ ಆರ್ ಪಿಕಿಂಗ್ ಅಪ್’ ಅಂದರೆ ಮಂಕಾಗಿದ್ದ ವ್ಯಾಪಾರ ಚೇತರಿಸಿಕೊಳ್ಳುತ್ತಿದೆ. ಆಷಾಢದಲ್ಲಿ ಬಟ್ಟೆ ಅಂಗಡಿಯಲ್ಲಿ ವ್ಯಾಪಾರ ಇಳಿದಿರುತ್ತದೆ, ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಂತೆ ಏಳುತ್ತದೆ. ಆ ಏಳುವಿಕೆಗೆ ಇದೇ ಮಾತು. ಗಾಳಿ ಜೋರಾದರೆ ‘ದ ವಿಂಡ್ ಈಸ್ ಪಿಕಿಂಗ್ ಅಪ್’. ಬಿಡದೆ ಸುರಿದ ಮಳೆ ನಿಂತು ಹವಾಮಾನ ಸುಧಾರಿಸಿದರೆ ‘ದ ವೆದರ್ ಈಸ್ ಪಿಕಿಂಗ್ ಅಪ್’. ಎರಡರ ವ್ಯತ್ಯಾಸ ಗಮನಿಸಿ: ಗಾಳಿಯ ವಿಷಯದಲ್ಲಿ ಅದು ಹೆಚ್ಚಾಯಿತು ಎಂದು, ಹವಾಮಾನದ ವಿಷಯದಲ್ಲಿ ಒಳ್ಳೆಯದಾಯಿತು ಎಂದು. ಮೊದಲ ಇಪ್ಪತ್ತು ನಿಮಿಷ ಬೇಸರ ತರಿಸಿದ ಸಿನಿಮಾ ಮಧ್ಯಂತರದ ಹೊತ್ತಿಗೆ ಹಿಡಿದು ಕೂರಿಸಿದರೆ ಅದೂ ‘ಪಿಕ್ ಅಪ್’ ಆಯಿತು. ಈ ಬಳಗದ ಮಾತಿಗೆ ಮುಂದೆ ಕರ್ಮಪದ ಬರುವುದಿಲ್ಲ, ಆದ್ದರಿಂದ ನಡುವೆ ಏನನ್ನು ಕೂರಿಸಬೇಕು ಎಂಬ ಚಿಂತೆಯೂ ಇಲ್ಲ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಇದು ಧಾರಾಳವಾಗಿ ಬರುತ್ತದೆ. ಬಾಯಿಮಾತಿಗೇ ಮೀಸಲಾದ ರೂಪವಲ್ಲ.

ರೈಲು ನಿಲ್ದಾಣ ಬಿಟ್ಟ ಮೇಲೆ ಮೆಲ್ಲಗೆ ವೇಗ ಪಡೆದುಕೊಳ್ಳುವುದು ‘ಪಿಕ್ ಅಪ್ ಸ್ಪೀಡ್’. ನಮ್ಮ ಬೈಕಿನ ‘ಪಿಕಪ್’ ಇಲ್ಲಿಂದ ಬಂದದ್ದು. ಗಾಡಿ ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬ ಈ ಅರ್ಥವನ್ನು ಅಮೆರಿಕದ ನಿಘಂಟುಗಳೂ ದಾಖಲಿಸಿವೆ. ಆದರೂ ಬೇರೆ ದೇಶದ ಷೋರೂಮಿನಲ್ಲಿ ‘ಪಿಕಪ್ ಹೇಗಿದೆ’ ಎಂದು ಕೇಳಿದರೆ ತೊಟ್ಟಿ ಇರುವ ಗಾಡಿಯನ್ನು ತೋರಿಸುವ ಸಾಧ್ಯತೆ ಹೆಚ್ಚು. ಅಲ್ಲಿ ‘ಆಕ್ಸಿಲರೇಷನ್’ ಎಂದು ಕೇಳಬೇಕು.

ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆ ಪಿಕ್ ಮತ್ತು ಪಿಕ್ ಅಪ್ ಎರಡೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ಬೌಲರ್ ವಿಕೆಟ್ ಪಡೆದುಕೊಂಡರೆ ‘ಪಿಕ್ಟ್ ಅಪ್ ಎ ವಿಕೆಟ್’. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸಿನಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ತೆಗೆದಾಗ ‘ಕುಂಬ್ಳೆ ಪಿಕ್ಟ್ ಅಪ್ ಆಲ್ ಟೆನ್’ ಎಂದು ಹೇಳಬಹುದಿತ್ತು. ಬ್ಯಾಟ್ಸ್‌ಮನ್ ಕಡೆಯಿಂದ ಹೇಳುವಾಗ ‘ಅಪ್’ ಬಿದ್ದುಹೋಗುತ್ತದೆ, ಅರ್ಥವೂ ಬದಲಾಗುತ್ತದೆ. ‘ಹೀ ಕುಡ್ ನಾಟ್ ಪಿಕ್ ದ ಗೂಗ್ಲಿ’ ಅಂದರೆ ಬೌಲರಿನ ಕೈಯಿಂದ ಹೊರಡುತ್ತಿರುವುದು ಯಾವ ಚೆಂಡು ಎಂದು ಗುರುತಿಸಲು ಆಗಲಿಲ್ಲ. 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ 38 ರನ್ನಿಗೆ 6 ವಿಕೆಟ್ ಉರುಳಿಸಿದ ಬಿ.ಎಸ್. ಚಂದ್ರಶೇಖರ್ ಅವರ ಬೌಲಿಂಗಿನ ಬಗ್ಗೆ ಮಾತು ಬಂದಾಗ ಈ ‘ಪಿಕ್’ ಬಂದೇ ಬರುತ್ತದೆ. ಇನ್ನು ಕಾಲಿನ ಕಡೆ ಬಂದ ಚೆಂಡನ್ನು ಮಣಿಕಟ್ಟಿನಿಂದ ಎತ್ತಿ ಹೊಡೆಯುವ ಹೊಡೆತಕ್ಕೆ ‘ಪಿಕಪ್ ಶಾಟ್’ ಎಂದು ಹೆಸರು.

ಆಫೀಸಿನ ಕೆಲವು ನುಡಿಗಟ್ಟುಗಳನ್ನು ಬೇಗ ಹೇಳಿಬಿಡುತ್ತೇನೆ. ನಿನ್ನೆ ಅರ್ಧಕ್ಕೆ ನಿಂತ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸೋಣ ಅನ್ನಲು ‘ಲೆಟ್ ಅಸ್ ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್’. ಖರ್ಚು ವಹಿಸಿಕೊಳ್ಳುವುದಕ್ಕೆ ‘ಪಿಕ್ ಅಪ್ ದ ಬಿಲ್’. ಅಮೆರಿಕದವರು ‘ಪಿಕ್ ಅಪ್ ದ ಟ್ಯಾಬ್’ ಅನ್ನುತ್ತಾರೆ. ‘ದ ಕಂಪನಿ ವಿಲ್ ಪಿಕ್ ಅಪ್ ದ ಬಿಲ್’ ಎಂದರೆ ನಿಮ್ಮ ಪ್ರಯಾಣದ ಖರ್ಚು ಕಂಪನಿಯದು. ಅನಾಹುತವಾದ ಮೇಲೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೆ ‘ಪಿಕ್ ಅಪ್ ದ ಪೀಸಸ್’.

ಎಚ್ಚರಿಕೆಯಿಂದ ಬಳಸಬೇಕಾದ ಅರ್ಥಗಳೂ ಇವೆ. ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗುವ ಹಿರಿಯರಿಗೂ ಇದು ಗೊತ್ತಿರಬೇಕು. ಪರಿಚಯವಿಲ್ಲದವರ ಜೊತೆ ಬಾರಿನಲ್ಲೋ ಪಾರ್ಟಿಯಲ್ಲೋ ಸರಸದ ಉದ್ದೇಶದಿಂದ ಮಾತು ಬೆಳೆಸಿ ಜೊತೆಗೆ ಕರೆದುಕೊಂಡು ಹೋಗುವುದಕ್ಕೂ ‘ಪಿಕ್ ಅಪ್’ ಅನ್ನುತ್ತಾರೆ. ಹಾಗೆ ಮಾತು ಶುರುಮಾಡಲು ಹೇಳುವ ಸಿದ್ಧ ವಾಕ್ಯ ‘ಪಿಕಪ್ ಲೈನ್’. ಆದರೆ ಅಮೆರಿಕದ ಪ್ರಾಥಮಿಕ ಶಾಲೆಗಳ ಮುಂದೆ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಲು ನಿಲ್ಲುವ ಕಾರುಗಳ ಸಾಲಿಗೂ ‘ಪಿಕಪ್ ಲೈನ್’ ಎಂದೇ ಹೆಸರು. ಮೊಮ್ಮಗಳನ್ನು ಕರೆತರಲು ಹೋದ ಅಜ್ಜ ‘ಐ ಆ್ಯಮ್ ಇನ್ ದ ಪಿಕಪ್ ಲೈನ್’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಯಾವ ಜಾಗ, ಯಾರ ಜೊತೆ ಎಂಬುದು ವಾಕ್ಯದಲ್ಲಿದ್ದರೆ ಅರ್ಥ ತಾನೇ ತಿಳಿಯಾಗುತ್ತದೆ. ಹಾಗಾಗಿ ಗಂಡಸರು ಸಹೋದ್ಯೋಗಿ ಮಹಿಳೆಯ ವಿಷಯ ಹೇಳುವಾಗ ‘ಐ ಪಿಕ್ಟ್ ಹರ್ ಅಪ್’ ಎಂದು ಅಷ್ಟಕ್ಕೇ ನಿಲ್ಲಿಸಬಾರದು. ‘ಫ್ರಮ್ ದ ಆಫೀಸ್’, ‘ಫ್ರಮ್ ದ ಸ್ಟೇಷನ್’ ಎಂದು ಜಾಗ ಸೇರಿಸುವುದು ಸಭ್ಯತೆ. ಪೊಲೀಸರು ಒಬ್ಬನನ್ನು ‘ಪಿಕ್ ಅಪ್’ ಮಾಡಿದರು ಎಂದು ಸುದ್ದಿಯಲ್ಲಿದ್ದರೆ ಅವರು ಲಿಫ್ಟ್ ಕೊಟ್ಟರು ಎಂದಲ್ಲ, ವಶಕ್ಕೆ ತೆಗೆದುಕೊಂಡರು. ಉದ್ಯಾನಗಳಲ್ಲಿ ‘ಪಿಕ್ ಅಪ್ ಆಫ್ಟರ್ ಯುವರ್ ಡಾಗ್’ ಎಂಬ ಫಲಕ ಕಂಡರೆ ನಾಯಿ ಗಲೀಜು ಮಾಡಿದ್ದನ್ನು ನೀವೇ ತೆಗೆಯಬೇಕು. ಮಕ್ಕಳು ಹರಡಿದ ಆಟದ ಸಾಮಾನನ್ನು ಅಮ್ಮ ಎತ್ತಿಡುವುದಕ್ಕೂ ‘ಪಿಕಿಂಗ್ ಅಪ್ ಆಫ್ಟರ್ ದೆಮ್’ ಎಂದೇ ಹೇಳುತ್ತಾರೆ.

ಬರೆಯುವಾಗ ಒಂದು ವ್ಯತ್ಯಾಸ ತಪ್ಪದೆ ಪಾಲಿಸಬೇಕು. ಕ್ರಿಯಾಪದವಾದರೆ ಎರಡು ಬಿಡಿ ಪದ, ನಾಮಪದವಾದರೆ ಕೂಡಿಸಿ ಒಂದೇ ಪದ ಅಥವಾ ನಡುವೆ ಅಡ್ಡಗೆರೆ. ‘ವಿ ವಿಲ್ ಪಿಕ್ ಯೂ ಅಪ್’ ಎಂಬಲ್ಲಿ ಬಿಡಿಸಿ ಬರೆಯಿರಿ, ‘ಪಿಕಪ್ ಟೈಮ್’ ಎಂಬಲ್ಲಿ ಕೂಡಿಸಿ. ಉಚ್ಚಾರದಲ್ಲೂ ಒತ್ತು ಬೇರೆಯಾಗುತ್ತದೆ. ನಾಮಪದದಲ್ಲಿ ‘ಪಿಕ್’ ಮೇಲೆ ಒತ್ತು. ‘ಪಿಕ್ ಇಟ್ ಅಪ್’ ಎಂಬ ಕ್ರಿಯೆಯಲ್ಲಿ ‘ಅಪ್’ ಮೇಲೆ ಒತ್ತು. ಭೂತಕಾಲವನ್ನು ನಾನು ಈ ಲೇಖನದುದ್ದಕ್ಕೂ ‘ಪಿಕ್ಟ್’ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಕೊನೆಗೆ ಇ, ಡಿ ಅಕ್ಷರಗಳಿದ್ದರೂ ಕಕಾರದ ಮುಂದೆ ಅದರ ಉಚ್ಚಾರ ‘ಟ್’. ಮುಂದೆ ‘ಅಪ್’ ಬಂದಾಗ ‘ಪಿಕ್ಟಪ್’. ‘ಪಿಕ್ಕೆಡ್ ಅಪ್’ ಎಂಬ ಉಚ್ಚಾರ ಬಿಡಬೇಕು.

ನಿಘಂಟು ನೋಡುವ ಅಭ್ಯಾಸವಿದ್ದರೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಇಟ್ಟುಕೊಳ್ಳಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ತನ್ನ ಸಂಗಡಿಗರೊಂದಿಗೆ ಪರಭಾಷಿಕರ ಕಷ್ಟ ನೋಡಿ ರೂಪಿಸಿದ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಈಗ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಎಂದು ಎಲ್ಲ ಪುಸ್ತಕದಂಗಡಿಗಳಲ್ಲೂ ಸಿಗುವುದು ಅದರ ಮುಂದಿನ ರೂಪ. ಅದರಲ್ಲಿ ‘ಪಿಕ್’ ಪದದ ವಿವರಣೆ ಮುಗಿದ ಮೇಲೆ ಜೋಡಿಪದಗಳ ಭಾಗ ಬೇರೆಯಾಗಿಯೇ ಇದೆ. ಅಲ್ಲಿ ಎರಡೂ ಕಡೆ ಮೊನೆಯಿರುವ ಪುಟ್ಟ ಬಾಣವೊಂದು ಕಾಣುತ್ತದೆ. ಬಾಣ ಇದ್ದರೆ ಆ ಜೋಡಿಯನ್ನು ಬಿಡಿಸಬಹುದು, ಹೆಸರನ್ನು ನಡುವೆಯೂ ಇಡಬಹುದು ಆಚೆಗೂ ಇಡಬಹುದು ಎಂದು ಅರ್ಥ. ‘ಪಿಕ್ ಅಪ್ ಆನ್’ ಎಂಬುದಕ್ಕೆ ಬಾಣವಿಲ್ಲ, ಅದನ್ನು ಬಿಡಿಸುವಂತಿಲ್ಲ. ಹೊಸ ಜೋಡಿಪದ ಎದುರಾದಾಗ ಅರ್ಥ ನೋಡುವ ಮೊದಲು ಬಾಣ ಇದೆಯೇ ಎಂದು ನೋಡಿ, ‘ಇಟ್’ ಸೇರಿಸಿ ಒಂದು ವಾಕ್ಯ ಗಟ್ಟಿಯಾಗಿ ಹೇಳಿ. ‘ಪುಟ್ ಇಟ್ ಆಫ್’, ‘ಟರ್ನ್ ಇಟ್ ಡೌನ್’, ‘ಗಿವ್ ಇಟ್ ಅಪ್’ ಇವುಗಳಿಗೂ ಇದೇ ಕ್ರಮ.